ದಂಡದ ಬೆಲ್ಲ

ರೂಪಿಬಾಯಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮುಂಡಗೋಡ ಕಡೆಯ ಇಂದೂರ ಹತ್ತಿರದ ಆ ಲಂಬಾಣಿ ತಾಂಡಾದಲ್ಲಿ ಎಲ್ಲರೂ ಹೇಳುತ್ತಾರೆ. ಬರಬಾರದೇ ಮತ್ತೆ? ಕಂಡವರ ಗೋವಿನಜೋಳದ ಹೊಲದಲ್ಲಿ ಕಳೆ ಕಿತ್ತು, ಶುಂಠಿ ಅಗೆದು ಎರಡು ಮಕ್ಕಳನ್ನು ಸಾಕಿದವಳು ಅವಳು. ಗಂಡ ಥಾವರೆಪ್ಪ ಬಾಯಿಲ್ಲದ ಮನುಷ್ಯ. ಆ ಮನೆಯಲ್ಲಿ ಆಡಬೇಕಾದ ಮಾತನ್ನೆಲ್ಲ ಇವಳೇ ಆಡಬೇಕು.

ಮಗ ಸುದೀಪ ಕಾಲೇಜು ಬಿಟ್ಟು ಗೋವಾದ ಕಟ್ಟಡ ಕೆಲಸಕ್ಕೆ ಹೋದ. ಇಪ್ಪತ್ತು ತುಂಬುವುದರೊಳಗೆ ಕುಡಿದು ಕುಡಿದು ರಕ್ತ ಕಾರಿದ. ಹುಬ್ಬಳ್ಳಿಯ ದವಾಖಾನೆಯಲ್ಲಿ, ಕುಡಿತ ಸಿಗದೆ ಹುಚ್ಚನಂತಾಡಿದ ಅವನ ಕೈಕಾಲು ಮಂಚಕ್ಕೆ ಕಟ್ಟಿದಾಗ ರೂಪಿಬಾಯಿ ಪಕ್ಕದಲ್ಲೇ ಕೂತಿದ್ದಳು. ಮತ್ತೆ ಶುರುಮಾಡಿದರೆ ಹುಡುಗ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿ ಕಳಿಸಿದರು.

ಗೋವಾ ಅವನನ್ನು ಕೆಡಿಸಿತು ಎನ್ನುತ್ತದೆ ತಾಂಡಾ. ಶುದ್ಧ ಸುಳ್ಳು! ಮೊದಲ ಗ್ಲಾಸು ಅವನ ಕೈಗೆ ಬಂದದ್ದು ಇಲ್ಲೇ, ಚಿಕ್ಕಪ್ಪನ ಮದುವೆ ನಿಶ್ಚಯದ ದಿನ, ಇನ್ನೂ ಮೀಸೆ ಮೂಡದಾಗ. "ಗಂಡಸಾದ್ಯಲೇ" ಎಂದು ಬೆನ್ನು ತಟ್ಟಿ ಕೊಟ್ಟವರು ಇದೇ ಹಿರಿಯರು. ಈಗ ಕಟ್ಟೆಯ ಮೇಲೆ ಕೂತು, ಹುಡುಗರು ಹಾಳಾದರು ಎಂದು ಲೊಚಗುಟ್ಟುವವರೂ ಇವರೇ.

ಅಷ್ಟರಲ್ಲಿ ಮಗಳು ತುಳಜಾಳ ನಿಶ್ಚಯ ಬಂತು. ಬೆಲ್ಲ ಹಂಚಿ, ಸಾರಾಯಿ ಕುಡಿದರೇ ಮಾತು ಗಟ್ಟಿ ಎಂಬುದು ಅಲ್ಲಿನ ಹಳೆಯ ಪದ್ಧತಿ. ಈ ಸಲ ಬೆಲ್ಲ ಸಾಕು ಎಂದು ರೂಪಿಬಾಯಿ ಮೊದಲೇ ಹೇಳಿದ್ದಳು. ಯಾರು ಕೇಳಬೇಕು? ತಾಂಡಾದ ಯಜಮಾನ, ನಾಯಕ, ಬಾಟಲಿ ತರಿಸಿಯೇ ಬಿಟ್ಟ. ಗ್ಲಾಸು ಕೈಯಿಂದ ಕೈಗೆ ಸಾಗಿ ಸುದೀಪನ ಮುಂದೆ ಬಂತು.

"ಹೆಣ್ಣಿನ ಅಣ್ಣ ಕುಡೀಲಿಲ್ಲಂದ್ರ ಮಾತು ಗಟ್ಟಿ ಆಗೂದಿಲ್ಲ. ಒಂದ ಗುಟುಕ ತಗೊಳೋ," ಎಂದ ನಾಯಕ.

ಸುದೀಪ ತಂಗಿಯ ಮುಖ ನೋಡಿದ. ಗ್ಲಾಸಿಗೆ ಕೈ ಚಾಚಿದ.

ರೂಪಿಬಾಯಿ ಹೆಂಗಸರ ನಡುವಿನಿಂದ ಎದ್ದು ಬಂದು ಗ್ಲಾಸು ಕಿತ್ತುಕೊಂಡಳು. "ಇಂವಾ ರಕ್ತ ಕಾರಿದಾಗ ನಿಮ್ಮಾಗ ಯಾರ ಬಂದಿದ್ರಿ ದವಾಖಾನಿಗೆ? ಮಗಳ ಮದುವಿ ಮಾಡಾಕ ಮಗನ ಹೆಣ ಬೇಕೇನ್ರಿ ನಿಮಗ?"

ನಾಯಕನ ಮುಖ ಕೆಂಪಾಯಿತು. "ಹಿರ್ಯಾರ ಮುಂದ ಹೆಣ್ಮಗಳು ಗ್ಲಾಸ ಕಸಗೊಂಡ್ಲು. ದಂಡ ಕೊಡಬೇಕು. ಒಂದ ಬಾಕ್ಸ್ ಶೆರೆ!"

ಕುಡಿತ ತಡೆದದ್ದಕ್ಕೆ ದಂಡವೂ ಕುಡಿತವೇ! ನಾಚಿಕೆ ಎಂಬುದಾದರೂ ಬೇಡವೇ? ಥಾವರೆಪ್ಪ ತಲೆ ತಗ್ಗಿಸಿದ. ತುಳಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ರೂಪಿಬಾಯಿ ಒಳಗೆ ಹೋಗಿ, ಬೆಲ್ಲದ ಇಡೀ ಪೆಂಟೆಯನ್ನೇ ಹೊತ್ತು ತಂದು ನಾಯಕನ ಮುಂದೆ ಧಪ್ಪನೆ ಇಟ್ಟಳು.

"ತಗೋರಿ ದಂಡ. ಇದನ್ನ ತಿಂದು ಯಾವ ಮಗನೂ ತಾಯಿನ್ನ ಅಳಸಿಲ್ಲ."

ಗಂಡಿನ ತಾಯಿ ಗೋದುಬಾಯಿ ಎದ್ದು ನಿಂತಳು. ಸಂಬಂಧ ಮುರಿಯಿತೆಂದೇ ರೂಪಿಬಾಯಿ ತಿಳಿದಳು. ಗೋದುಬಾಯಿ ಪೆಂಟೆಯಿಂದ ಚೂರು ಮುರಿದು ಸುದೀಪನ ಬಾಯಿಗಿಟ್ಟಳು.

"ಮಾತು ಗಟ್ಟಿ ಆತು. ನಮ್ಮ ಮನ್ಯಾಗೂ ಒಬ್ಬಾಂವ ಈ ಕುಡಿತದಾಗ ಹೋಗ್ಯಾನವಾ. ನನ್ನ ದೊಡ್ಡ ಮಗ."

ತುಳಜಾಳ ಮದುವೆ ನಡೆಯಿತು. ಸುದೀಪ ಈಗ ಮುಂಡಗೋಡದ ಗ್ಯಾರೇಜಿಗೆ ಹೋಗುತ್ತಾನೆ. ನಾಯಕ ಮಾತ್ರ ಇವತ್ತಿಗೂ ಕಟ್ಟೆಯ ಮೇಲೆ ಕೂತು, ರೂಪಿಬಾಯಿಯ ದಂಡ ಇನ್ನೂ ಬಂದಿಲ್ಲ ಎಂದೇ ಹೇಳುತ್ತಾನೆ.