ಕೈಗೆಟುಕದ ಬೆನ್ನು

ಎಲ್ಲವೂ ಎಂದಿನಂತಿದ್ದ ಕೊನೆಯ ದಿನ ಒಂದು ಭಾನುವಾರ. ನಮ್ಮ ಹಿತ್ತಿಲ ಬಚ್ಚಲಿನಲ್ಲಿ ಹಂಡೆ ಕಾಯುತ್ತಿತ್ತು. ಕಬ್ಬಿನ ಒಣ ತರಗಿನ ಹೊಗೆ ಹಿತ್ತಿಲೆಲ್ಲ ತುಂಬಿತ್ತು. ಒಳಗೆ ನನ್ನ ಅತ್ತಿಗೆ ಸಾಕಮ್ಮ ಮತ್ತು ಪಕ್ಕದ ಮನೆಯ ನಿಂಗಮ್ಮ ಒಬ್ಬರ ಬೆನ್ನನ್ನು ಇನ್ನೊಬ್ಬರು ಉಜ್ಜುತ್ತ ನಗುತ್ತಿದ್ದರು. ಸೌದೆ ಉಳಿಯಲಿ ಎಂದು ಒಂದು ಭಾನುವಾರ ನಮ್ಮ ಹಂಡೆ, ಮುಂದಿನ ಭಾನುವಾರ ಅವರ ಹಂಡೆ ಎಂದು ಅವರಿಬ್ಬರೂ ವರ್ಷಗಳಿಂದ ಗೊತ್ತುಮಾಡಿಕೊಂಡಿದ್ದರು. ನಾನು ಹೊರಗೆ ಕಲ್ಲಿನ ಮೇಲೆ ಕೂತು ಹಿಂದಿನ ದಿನದ ಪತ್ರಿಕೆ ಓದುತ್ತಿದ್ದೆ.

"ನಿನ್ ಬೆನ್ನು ಸಂತೆ ಮೈದಾನ್ದಂಗದೆ ಕಣಮ್ಮ, ಉಜ್ಜಿ ಉಜ್ಜಿ ನನ್ ಕೈ ಬಿದ್ದೋಯ್ತು" ಎಂದು ನಿಂಗಮ್ಮ ಹೇಳಿದ್ದು ಕೇಳಿಸಿತು. ಅದಕ್ಕೆ ಅತ್ತಿಗೆ, "ನಿಂದೇನ್ ಕಮ್ಮಿನಾ? ಕುಂತ್ಕೊ, ಅತ್ಲಾಗೆ ತಿರುಗು" ಅಂದಳು.

ಅವತ್ತೇ ಮಧ್ಯಾಹ್ನ ಗದ್ದೆ ಬಯಲಿನಲ್ಲಿ ಜಗಳವಾಯಿತು. ನಾಲೆಯ ನೀರಿನ ನಮ್ಮ ಸರದಿ ಮುಗಿಯುವ ಮೊದಲೇ ನಿಂಗಮ್ಮನ ಗಂಡ ಕೆಂಪಣ್ಣ ಮಡೆ ಒಡೆದು ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡನಂತೆ. ಇಲ್ಲ, ನಮ್ಮಪ್ಪನೇ ಹೊತ್ತು ಮೀರಿದರೂ ಬಿಟ್ಟುಕೊಡಲಿಲ್ಲವಂತೆ. ಯಾವುದು ನಿಜವೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ. ಅಪ್ಪ ಕೆಸರುಗಾಲಿನಲ್ಲೇ ಮನೆಗೆ ಬಂದು, ಆ ಮನೆಯ ಹೊಸಿಲು ತುಳಿದವರು ಈ ಮನೆಯ ಹೊಸಿಲು ತುಳಿಯಬೇಕಾಗಿಲ್ಲ ಎಂದರು. ಹೇಳಿದ್ದು ಎಲ್ಲರಿಗೂ ಎನ್ನುವಂತೆ. ಆದರೆ ಆ ಮನೆಗೆ ಹೋಗುತ್ತಿದ್ದವಳು ಅತ್ತಿಗೆಯೊಬ್ಬಳೇ.

ಅವಳು ಮಾವನಿಗೆ ಎದುರಾಡಲಿಲ್ಲ. ಆಮೇಲೆ ನನಗೆ ಮುದ್ದೆ ಬಡಿಸುತ್ತ ತಮಾಷೆಯಾಗಿಯೇ ಕೇಳಿದಳು: "ಇನ್ಮ್ಯಾಕೆ ನನ್ ಬೆನ್ನು ಯಾರ್ಲಾ ಉಜ್ಜಾರು?"

ನಾನು ನಕ್ಕೆ. ಸಾರು ಕಲಸಿಕೊಂಡೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದು ನೀವು ಕೇಳಬಹುದು. ಮಂಡ್ಯದಲ್ಲಿ ನಾನೀಗ ಇರುವ ಬಡಾವಣೆಯ ಸಂಘದವರು ಮೊನ್ನೆ ಮನೆಗೆ ಬಂದಿದ್ದರು. ಚರ್ಮದ ಆರೋಗ್ಯಕ್ಕೆ ಉಳಿಸಿಕೊಳ್ಳಬೇಕಾದ ಹಳೆಯ ಅಭ್ಯಾಸಗಳ ಬಗ್ಗೆ ಒಂದು ಪುಸ್ತಿಕೆ ತರುತ್ತಾರಂತೆ. ನೀವು ಹಳ್ಳಿಯಲ್ಲಿ ಬೆಳೆದವರು, ನಾಲ್ಕು ಮಾತು ಬರೆದುಕೊಡಿ ಎಂದರು. ಅವರಲ್ಲಿ ಒಬ್ಬಾಕೆ ನಮ್ಮ ಹಿತ್ತಿಲಿಂದ ಬಂದ ಸೀಗೆಪುಡಿಯ ವಾಸನೆಯನ್ನು ಆಸೆಯಿಂದ ಎಳೆದುಕೊಂಡು, ಆ ಕಾಲದಲ್ಲಿ ಎಲ್ಲರೂ ಎಷ್ಟು ಚೆನ್ನಾಗಿ ಮೈ ನೋಡಿಕೊಳ್ಳುತ್ತಿದ್ದರು ಅಲ್ಲವೇ ಸಾರ್ ಎಂದರು. ಹೌದು ಎಂದೆ. ಅವರು ಹೋದ ಮೇಲೆ ಬರೆಯಲು ಕೂತರೆ ಬಂದದ್ದು ಸಿಟ್ಟು. ಎಲ್ಲರೂ ಎಂದರೆ ಯಾರು?

ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿದೆ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ನನ್ನ ಅವ್ವ ನಾನು ಏಳು ವರ್ಷದವನಿದ್ದಾಗಲೇ ತೀರಿಕೊಂಡಿದ್ದಳು. ಎರಡು ವರ್ಷದ ಮೇಲೆ ಅಣ್ಣನ ಮದುವೆಯಾಗಿ ಅತ್ತಿಗೆ ಬಂದಳು. ಅವಳ ತವರು ಕೊಕ್ಕರೆ ಬೆಳ್ಳೂರು. ಅವಳಿಗೆ ಮಕ್ಕಳಾಗಲಿಲ್ಲ. ಹಾಗಾಗಿ ಮನೆಯಲ್ಲಿ ಮೂರು ಗಂಡಸರು: ಅಪ್ಪ, ಬಸ್ ಕಂಡಕ್ಟರಾಗಿದ್ದು ದಿನ ಬಿಟ್ಟು ದಿನ ಮನೆಗೆ ಬರುತ್ತಿದ್ದ ಅಣ್ಣ, ಮತ್ತು ನಾನು. ಹೆಂಗಸು ಅವಳೊಬ್ಬಳೇ.

ಮೂವರ ಮೈಯನ್ನೂ ಅವಳು ಕಾಯುತ್ತಿದ್ದಳು. ಕಬ್ಬು ಕಡಿಯುವ ಕಾಲಕ್ಕೆ ಹಳೆಯ ತುಂಬುತೋಳಿನ ಅಂಗಿ ತೊಡದೆ ತೋಟಕ್ಕೆ ಬಿಡುತ್ತಿರಲಿಲ್ಲ; ಸೋಗೆಯ ಅಂಚು ಕತ್ತಿಯಂತೆ ಗೀರುತ್ತದೆ. ವಾಪಸು ಬಂದ ಮೇಲೆ ಮೊದಲು ಬರೀ ತಣ್ಣೀರು ಹುಯ್ದುಕೊಂಡು ಮೈಗೆ ಚುಚ್ಚಿದ ಕಬ್ಬಿನ ಸುಂಕು ತೊಳೆಯಬೇಕು, ಸೋಪು ಆಮೇಲೆ. ಕೆರೆದರೆ ಕೈಗೆ ಏಟು ಬೀಳುತ್ತಿತ್ತು. ಚಳಿಗಾಲದಲ್ಲಿ ತುಟಿಗೆ ತುಪ್ಪ, ಹಿಮ್ಮಡಿಗೆ ಹರಳೆಣ್ಣೆ. ಒಬ್ಬರ ಟವೆಲ್ಲು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಊರಿಗೆ ಕಜ್ಜಿ ಬಂದ ವರ್ಷ ಅವಳು ಟವೆಲ್ಲಿನ ಮೂಲೆಗೆ ಬಣ್ಣದ ನೂಲು ಹೊಲಿದಿದ್ದಳು. ಅಪ್ಪನದಕ್ಕೆ ಕೆಂಪು, ಅಣ್ಣನದಕ್ಕೆ ನೀಲಿ, ನನ್ನದಕ್ಕೆ ಹಸಿರು. ನೂಲಿಲ್ಲದ್ದು ಅವಳದು.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಕೆಲಸಕ್ಕೆ ಕಾಯುತ್ತ, ಊರಿಗೇ ಬುದ್ಧಿವಂತ ಎಂದುಕೊಂಡಿದ್ದ ಕಾಲ ಅದು. ಮೊಡವೆ ಮುಚ್ಚಲು ಮಂಡ್ಯದಿಂದ ಒಂದು ಡಬ್ಬಿ ಪೌಡರು, ಒಂದು ಸ್ನೋ ತಂದಿದ್ದೆ. ಎರಡನ್ನೂ ಬಳಿದುಕೊಂಡು ಅಡುಗೆಮನೆಗೆ ಹೋದಾಗ ಅತ್ತಿಗೆ ಒಲೆ ಬಿಟ್ಟು ಎದ್ದು ಬಂದು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಸುಣ್ಣ ಹೊಡೆಯಕ್ಕೆ ಇದೇನು ಗೋಡೆನೇನ್ಲಾ?" ಎಂದು ಹೆಸರುಹಿಟ್ಟು ಕಲಸಿ ತೊಳೆಸಿದಳು. ಉಗುರಿನಲ್ಲಿ ಚಿವುಟಬೇಡ ಎಂದು ಹೇಳಿದ್ದನ್ನು ಕೇಳದೆ ಚಿವುಟಿದ ಎರಡು ಕಲೆ ನನ್ನ ಎಡಗೆನ್ನೆಯ ಮೇಲೆ ಇನ್ನೂ ಇವೆ.

ಭಾನುವಾರದ ಎಣ್ಣೆನೀರು ಅವಳಿಗೆ ಎಣ್ಣೆಯ ಹಬ್ಬವಾಗಿರಲಿಲ್ಲ, ತಪಾಸಣೆಯಾಗಿತ್ತು. ನೆತ್ತಿಗೆ ಎಣ್ಣೆ ತಟ್ಟಿ, ಕಿವಿಯ ಹಿಂದೆ, ಕತ್ತಿನ ಮಡಿಕೆ, ಬೆನ್ನು, ಬೆರಳ ಸಂದು ಎಲ್ಲವನ್ನೂ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಟಿಕೆಟ್ ಚೀಲದ ಪಟ್ಟಿ ಉಜ್ಜುವ ಕಡೆ ಅಣ್ಣನ ಕತ್ತಿನಲ್ಲಿ ಹುಳುಕಡ್ಡಿ ಎದ್ದದ್ದನ್ನು ಮೊದಲು ಕಂಡವಳು ಅವಳು. ಅಪ್ಪನ ಹಿಮ್ಮಡಿಯಲ್ಲಿ ಮುರಿದು ಕೂತಿದ್ದ ಜಾಲಿಮುಳ್ಳನ್ನು ಕಂಡವಳೂ ಅವಳೇ. ಇಷ್ಟು ಹೊತ್ತು ಯಾಕೆ ಎಂದು ಒಮ್ಮೆ ಗೊಣಗಿದೆ. "ಎಣ್ಣೆ ನೆಪ ಕಣ್ಲಾ. ಮೈ ನೋಡಕ್ಕೆ ಒಂದು ನೆಪ ಬ್ಯಾಡ್ವಾ?" ಅಂದಳು.

ಅವಳ ಮೈ ನೋಡುವ ನೆಪ ನಿಂಗಮ್ಮನೊಡನೆಯ ಭಾನುವಾರದ ಸ್ನಾನವಾಗಿತ್ತು. ಅದನ್ನು ನಾವು ನೀರಿನ ಸರದಿಗಾಗಿ ಕಿತ್ತುಕೊಂಡೆವು.

ನಾವು ಎಂದೆ, ನೋಡಿ. ಅಪ್ಪ ಎಂದು ಹೇಳಿ ನಾನು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಕೆಂಪಣ್ಣನ ಮೇಲೆ ನಾಲೆ ಕಚೇರಿಗೆ ಅರ್ಜಿ ಬರೆದವನು ನಾನು. ಮೂರು ಪುಟ, ದುಂಡು ಅಕ್ಷರ. ಪಕ್ಕದ ಮನೆಯವರೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಂಡಿಲ್ಲವೆಂದು ಅದರಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಅಪ್ಪ ಅದನ್ನು ಊರಿನ ನಾಲ್ಕು ಜನರ ಮುಂದೆ ನನ್ನಿಂದ ಓದಿಸಿದರು. ಹಿತ್ತಿಲ ಗೋಡೆಯ ಮೇಲೆ ಬೇಲಿಮುಳ್ಳು ಬಂತು. ಅದನ್ನು ಕಡಿದು ತಂದವನೂ ನಾನೇ.

ಅತ್ತಿಗೆ ಒಣಗಿದ ಹೀರೇಕಾಯಿಯ ನಾರಿಗೆ ಎರಡು ಕಡೆ ಹಳೆಯ ಸೀರೆಯ ಅಂಚು ಕಟ್ಟಿಕೊಂಡು ಅದರಿಂದ ಬೆನ್ನು ಉಜ್ಜಿಕೊಳ್ಳತೊಡಗಿದಳು. ಎರಡು ಹೆಗಲಮೂಳೆಯ ನಡುವೆ ಒಂದು ಗೇಣು ಜಾಗಕ್ಕೆ ಅದು ಸರಿಯಾಗಿ ತಾಗುತ್ತಿರಲಿಲ್ಲ. ಕೆರೆತ ಬಂದರೆ ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ತಿಕ್ಕುತ್ತಿದ್ದಳು. ಎಮ್ಮೆ ಥರ ಮಾಡ್ತೀಯಲ್ಲ ಅತ್ಗೆ ಎಂದು ನಾನು ಹಂಗಿಸಿದರೆ, "ನಮ್ಮೂರ್ ಕೊಕ್ಕರೆಗಾದ್ರೂ ಬೆನ್ ಕೆರ್ಕಳಕೆ ಉದ್ದನ್ ಕೊಕ್ಕದೆ. ನಂಗೇನದ್ಲಾ?" ಎಂದಳು. ಅಪ್ಪನೂ ನಕ್ಕರು.

ಹೀಗೆ ಒಂದೂವರೆ ವರ್ಷ. ಅವಳು ತೆಳ್ಳಗಾದಳು. ಕೈಕಾಲಿನ ಚರ್ಮ ಬೂದಿ ಬಳಿದಂತೆ ಒಣಗಿತು. ಕುಡುಗೋಲು ತಾಗಿದ ಬೆರಳಿನ ಗಾಯ ತಿಂಗಳಾದರೂ ಮಾಯಲಿಲ್ಲ. ಯಾವಾಗಲೂ ಬಾಯಾರಿಕೆ. ಗಡಿಗೆಯ ಮುಂದೆ ನಿಂತು ಮೂರು ಚೊಂಬು ಒಟ್ಟಿಗೆ ಕುಡಿಯುತ್ತಿದ್ದಳು. ನಾಲೆ ಬರಿದಾದದ್ದು ಕೆಂಪಣ್ಣನಿಂದಲ್ಲ, ನಿನ್ನಿಂದ, ನಿನ್ನ ಮೇಲೇ ಒಂದು ಅರ್ಜಿ ಹಾಕಬೇಕು ಎಂದು ನಾನು ತಮಾಷೆ ಮಾಡಿದೆ. ಆ ತಮಾಷೆಗೆ ನಾನೊಬ್ಬನೇ ನಕ್ಕದ್ದು ನೆನಪಿದೆ.

ಒಂದು ದಿನ ತಂತಿಯ ಮೇಲೆ ಒಣಹಾಕಿದ್ದ ಅವಳ ರವಿಕೆಯ ಬೆನ್ನಿನಲ್ಲಿ ಕಂದು ಕಲೆ ಕಂಡೆ. ಕಬ್ಬಿನ ಹಾಲು ಎಂದುಕೊಂಡೆ. ಮತ್ತೊಂದು ದಿನ ಅವಳು ಹಿತ್ತಿಲಿಗೆ ಬಂದು, ಒಂದು ಕೈ ಹೆಗಲ ಮೇಲಿಂದ ಹಿಂದಕ್ಕೆ ಹಾಕಿಕೊಂಡು ನಿಂತಳು.

"ವಸಿ ನೋಡ್ಲಾ. ಇಲ್ಲೇನೋ ಗುಳ್ಳೆ ಎದ್ದಂಗದೆ. ಚುಳ್ಳಂತದೆ."

ನನ್ನನ್ನು ಒಂಬತ್ತನೆಯ ವಯಸ್ಸಿನಿಂದ ಬೆತ್ತಲೆ ಕೂರಿಸಿ ಮೈ ತೊಳೆದವಳು ಕೇಳಿದ ಮಾತು ಇದು. ನನಗೆ ಮೀಸೆ ಬಂದಿತ್ತು, ಮಾನ ಬಂದಿತ್ತು. ನಾನ್ಯಾಕೆ ನೋಡ್ಲಿ, ಅಣ್ಣ ಬಂದ ಮೇಲೆ ತೋರಿಸು ಅಂದೆ. ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಅವಳು ಹೆಗಲಿಂದ ಕೈ ಇಳಿಸಿ ಒಳಗೆ ಹೋದಳು.

ಅಣ್ಣ ಬಂದ. ಸೆಕೆಗುಳ್ಳೆ, ಹಣ್ಣಾಗಿ ಒಡೆದುಹೋಗುತ್ತದೆ ಎಂದ. ಬೆಲ್ಲ ಸುಣ್ಣ ಕಲಸಿದ ಪಟ್ಟಿಯನ್ನು ಮೊದಲ ಬಸ್ಸಿಗೆ ಹೊರಡುವ ಅವಸರದಲ್ಲಿ, ಅವಳು ಬೆರಳು ತೋರಿಸಿದ ಕಡೆ ಕತ್ತಲಲ್ಲೇ ತಡವಿ ಅಂಟಿಸಿ ಹೋದ. ಬೆಲ್ಲ ತುರಿದುಕೊಟ್ಟವನು ನಾನು. ಕುರುವಿಗೆ ನಮ್ಮ ಕಡೆ ಎಲ್ಲರೂ ಮಾಡುವ ಮದ್ದು ಅದು. ಹಳೆಯ ಅಭ್ಯಾಸ.

ನಾಲ್ಕನೆಯ ದಿನ ಜ್ವರ ಬಂತು. ಅತ್ತಿಗೆ ಬಾವಿಯ ಬಳಿ ಹಗ್ಗ ಹಿಡಿದು ಬಗ್ಗಲಾರದೆ ನಿಂತದ್ದನ್ನು ನಿಂಗಮ್ಮ ಮುಳ್ಳಿನ ಸಂದಿನಿಂದ ಕಂಡಳಂತೆ. ಸುತ್ತಿಕೊಂಡು ಬೀದಿಬಾಗಿಲಿಗೆ ಬಂದವಳೇ ಹೊಸಿಲು ದಾಟಿ ಒಳಗೆ ನಡೆದಳು. ಜಗಲಿಯ ಮೇಲಿದ್ದ ಅಪ್ಪ ಎದ್ದು ನಿಂತರು. ಅವಳು ಅವರ ಕಡೆ ನೋಡಲೂ ಇಲ್ಲ. ಒಳಗೆ ಅತ್ತಿಗೆಯನ್ನು ಬೆಳಕಿಂಡಿಯ ಕೆಳಗೆ ಕೂರಿಸಿ ರವಿಕೆ ಬಿಚ್ಚಿ ನೋಡಿದಳು. ಹೊರಗೆ ಬಂದಾಗ ಅವಳ ದನಿ ಏರಿರಲಿಲ್ಲ.

"ಗೌಡ್ರೇ, ಗಾಡಿ ಕಟ್ಸಿ. ಇದು ಗುಳ್ಳೆ ಅಲ್ಲ, ಬೆನ್ನುಫಣಿ. ನನ್ನಂಗೈ ಅಗಲ ಆಗದೆ, ಜರಡಿ ಕಣ್ಣಂಗೆ ತೂತು ಬಿದ್ದದೆ. ಮೂರು ಜನ ಗಂಡಸ್ರು ಇದ್ದೀರಿ ಮನೇಲಿ. ಆರು ಕಣ್ಣು."

ಗಾಡಿ ಕಟ್ಟಿದವನು ಕೆಂಪಣ್ಣ. ಎತ್ತುಗಳೂ ಅವನವು.

ಮದ್ದೂರಿನಲ್ಲಿ ನೋಡಿದವರು ಮಂಡ್ಯದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಮೂತ್ರ ಪರೀಕ್ಷೆ ಮಾಡಿ ಸಕ್ಕರೆ ಕಾಯಿಲೆ ಎಂದರು. ಆ ಕಾಯಿಲೆ ಇರುವವರಿಗೆ ಇಂಥ ಹುಣ್ಣು ಬೇಗ ವಿಷವಾಗುತ್ತದೆ ಎಂದರು. ಬಾಯಾರಿಕೆ ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ಗೊತ್ತಿತ್ತು. ತಮಾಷೆ ಮಾಡಿದ್ದೆನಲ್ಲ. ವಾರದ ಹಿಂದೆ, ಸಣ್ಣದಿದ್ದಾಗಲೇ ಕರೆತಂದಿದ್ದರೆ, ಎಂದು ಅವರು ಮಾತನ್ನು ಅಲ್ಲಿಗೇ ಬಿಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಹುಣ್ಣನ್ನು ಕೊಯ್ದು ತೊಳೆದರು. ಅತ್ತಿಗೆ ಎಂಟು ದಿನ ಬೋರಲು ಮಲಗಿದ್ದಳು. ನಿಂಗಮ್ಮ ಊರಿಗೆ ಹೋಗದೆ ಅಲ್ಲೇ ಉಳಿದಳು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಪಟ್ಟಿಯ ಸುತ್ತ, ತೋಳು, ಕತ್ತು ಒರೆಸುತ್ತಿದ್ದಳು. ಒಂದು ಮಧ್ಯಾಹ್ನ ನಾನು ಗಂಜಿ ಹಿಡಿದು ನಿಂತಿದ್ದಾಗ ಅತ್ತಿಗೆ ಕಣ್ಣು ಬಿಡದೆಯೇ ಮಾತಾಡಿದಳು.

"ಹೆಗಲ ಮ್ಯಾಲೆ ವಸಿ ಉಜ್ಜೇ ನಿಂಗಿ. ಒಂದೂವರೆ ವರ್ಸ ಆಯ್ತು."

ನಿಂಗಮ್ಮ ಉಜ್ಜಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಒಂಬತ್ತನೆಯ ದಿನ ಅತ್ತಿಗೆ ಹೋದಳು. ಮೂವತ್ತೆರಡೋ ಮೂವತ್ತಮೂರೋ ಅವಳಿಗೆ. ಸರಿಯಾದ ವಯಸ್ಸು ಕೇಳಿದಾಗ ಅಣ್ಣನಿಗೂ ಹೇಳಲಾಗಲಿಲ್ಲ.

ತಿಥಿಯಾಗಿ ಎರಡು ವಾರಕ್ಕೆ ನಾಲೆ ಕಚೇರಿಯಿಂದ ಕಾಗದ ಬಂತು. ನಮ್ಮ ಸರದಿಯನ್ನು ಎರಡು ಗಂಟೆ ಹೆಚ್ಚಿಸಿದ್ದರು. ಅಪ್ಪ ಅದನ್ನು ಓದು ಎಂದರು. ನಾನು ಓದಲಿಲ್ಲ. ಅಪ್ಪನ ಮಾತನ್ನು ನಾನು ಮೀರಿದ್ದು ಅದೊಂದೇ ಸಲ, ಅದೂ ಯಾರಿಗೂ ಪ್ರಯೋಜನವಿಲ್ಲದ ಮೇಲೆ. ಅವರು ಸಾಯುವ ತನಕ ಆ ಜಗಳದ ಬಗ್ಗೆ ಒಂದು ಮಾತು ಆಡಲಿಲ್ಲ, ತಪ್ಪಾಯಿತೆಂದೂ ಹೇಳಲಿಲ್ಲ. ಅವರನ್ನು ನಾನು ಕ್ಷಮಿಸಿಲ್ಲ. ನನ್ನ ವಿಷಯ ಬೇರೆ, ಕ್ಷಮಿಸಬೇಕಾದವಳೇ ಇಲ್ಲ.

ಇಷ್ಟು ಬರೆಯುವ ಹೊತ್ತಿಗೆ ಸಿಟ್ಟು ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಆಗಿಲ್ಲ. ಯಾರ ಮೇಲೆ ಎಂಬುದು ಮಾತ್ರ ಮೊದಲಿಗಿಂತ ಸ್ಪಷ್ಟವಾಗಿದೆ. ಸಂಘದವರಿಗೆ ಇದನ್ನೇ ಕೊಡುತ್ತೇನೆ. ಹರಳೆಣ್ಣೆ ಒಳ್ಳೆಯದು, ಹೆಸರುಹಿಟ್ಟು ಒಳ್ಳೆಯದು, ಬೇರೆ ಬೇರೆ ಟವೆಲ್ಲು ಬಹಳ ಒಳ್ಳೆಯದು. ಎಲ್ಲವನ್ನೂ ಉಳಿಸಿಕೊಳ್ಳಿ. ಆದರೆ ನಿಮ್ಮ ಮನೆಯಲ್ಲಿ ಎಲ್ಲರಿಗೂ ಎಣ್ಣೆ ಹಚ್ಚುವವರು ಯಾರೋ ಅವರನ್ನು ವಾರಕ್ಕೊಮ್ಮೆ ಬೆಳಕಿಗೆ ಕೂರಿಸಿ. ಅವರ ಬೆನ್ನು ನೋಡಿ. ಗಾಯ ಮಾಯದಿದ್ದರೆ, ಬಾಯಾರಿಕೆ ಹಿಂಗದಿದ್ದರೆ ತಮಾಷೆ ಮಾಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮದುವೆಯಾದ ಹೊಸತರಲ್ಲಿ ನಾನು ಬೆನ್ನು ತೋರಿಸು ಎಂದಾಗ ನನ್ನ ಹೆಂಡತಿ ನಾಚಿ ನಕ್ಕಿದ್ದಳು. ಕಾರಣ ಹೇಳಿದ ಮೇಲೆ ನಗಲಿಲ್ಲ. ಹತ್ತು ವರ್ಷದ ಹಿಂದೆ ನನ್ನ ಹಿಮ್ಮಡಿಯಲ್ಲಿ ಮಾಯದ ಒಂದು ಸಣ್ಣ ಬಿರುಕನ್ನು ಕಂಡು, ನನ್ನನ್ನು ಎಳೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿದವಳು ಅವಳು. ಅದೇ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿಕೊಂಡು ಬದುಕಿದ್ದೇನೆ. ಮಗಳು, ಸೊಸೆ, ಮೊಮ್ಮಕ್ಕಳು ಎಲ್ಲರೂ ಭಾನುವಾರ ಒಬ್ಬರ ಬೆನ್ನನ್ನು ಒಬ್ಬರು ನೋಡುತ್ತಾರೆ. ನಮ್ಮ ಮನೆಯಲ್ಲಿ ಈಗ ಯಾರೂ ನೋಡದ ಬೆನ್ನಿಲ್ಲ.

ಅತ್ತಿಗೆ ಇಲ್ಲ.