ಮನೆಯೊಳಗಿನ ವಾಕ್ಯಗಳು: ಎಸೆನ್‌ಕುಲ್ ಅಗಾಯ್ ಅವರ ಇಂಗ್ಲಿಷ್ ಪಾಠ

ಏಳಬೇಕೋ, ಕೂತೇ ಇರಬೇಕೋ? ಪರೀಕ್ಷಾ ಕೋಣೆಯ ಹಿಂದಿನ ಬೆಂಚಿನಲ್ಲಿ ಕೂತಿದ್ದ ಎಸೆನ್‌ಕುಲ್ ಅಗಾಯ್, ಅಂದರೆ ಎಸೆನ್‌ಕುಲ್ ಮೇಷ್ಟ್ರು, ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಎದುರಿಗೆ ಅವರ ಶಿಷ್ಯೆ ಬುರುಲ್ಸುನ್ ಮನೆಮಂದಿಯ ಫೋಟೊ ಹಿಡಿದು ನಿಂತಿದ್ದಳು. ಪರೀಕ್ಷಕರು ಫೋಟೊದ ನಡುವೆ ಕೂತಿದ್ದ ಮುದುಕನ ಮೇಲೆ ಪೆನ್ನಿನ ತುದಿಯಿಟ್ಟು, ಈತನ ಹೆಸರು ಹೇಳಿ ಆ ಹೆಸರಿನಿಂದಲೇ ಒಂದು ವಾಕ್ಯ ಶುರುಮಾಡು ಎಂದಿದ್ದರು. ಮುದುಕ ಅವಳ ಮಾವ. ಸೊಸೆಯಾದ ಅವಳು ಆ ಹೆಸರೆತ್ತುವಂತಿರಲಿಲ್ಲ. ನಾನು ಇವರಿಗೆ ಕ್ರಿಯಾಪದ ಕಲಿಸಿದೆ, ಇಂಥ ಹೊತ್ತಿಗೆ ಏನು ಮಾಡಬೇಕೆಂದು ಕಲಿಸಲಿಲ್ಲ ಎಂದುಕೊಂಡರು ಅಗಾಯ್. ಒಂದು ಗಂಟೆಯ ಮಟ್ಟಿಗೆ ನಿಮ್ಮ ಪದ್ಧತಿಯನ್ನು ಬಾಗಿಲಾಚೆ ಬಿಟ್ಟು ಬನ್ನಿ ಅನ್ನಬೇಕಿತ್ತೆ? ಅಂದಿದ್ದರೆ ಅದು ಪಾಠವಾಗುತ್ತಿತ್ತೆ, ಅಥವಾ ಆ ಹೆಂಗಸರಿಗೆ ಇನ್ನೊಬ್ಬ ಗಂಡಸಿನ ಅಪ್ಪಣೆಯಾಗುತ್ತಿತ್ತೆ?

ಆ ಕೋಣೆಗೆ ಅವರು ಬಂದು ಸೇರಿದ ದಾರಿಯನ್ನು ಮೊದಲು ಹೇಳಬೇಕು.

ನಮ್ಮ ಕಿರ್ಗಿಜ್ ನಾಡಿನ ಕೊಚ್ಕೋರ್ ಕಣಿವೆಯಲ್ಲಿ ಇಂದು ಯಾರಾದರೂ ತಡವರಿಸದೆ ಇಂಗ್ಲಿಷ್ ಮಾತನಾಡಿದರೆ, ಅವರು ಎಸೆನ್‌ಕುಲ್ ಅಗಾಯ್ ಅವರ ಬಳಿ ಕಲಿತವರು, ಇಲ್ಲವೇ ಅವರ ಬಳಿ ಕಲಿತವರಿಂದ ಕಲಿತವರು. ಹಾಗಿದ್ದೂ ಅವರು ಓದಿದ್ದು ಜರ್ಮನ್. ದೇಶ ಸ್ವತಂತ್ರವಾದ ಮೇಲೆ ಒಂದು ಶರತ್ಕಾಲದಲ್ಲಿ ಶಾಲೆಯವರು ಇನ್ನು ಇಂಗ್ಲಿಷ್ ಕಲಿಸಿ ಎಂದರು. ಮಕ್ಕಳಿಗಿಂತ ಒಂದು ಪಾಠ ಮುಂದೆ ಓದಿಕೊಳ್ಳುತ್ತ ಅವರು ಆ ವರ್ಷ ದಾಟಿದರು. ಸಂಬಳ ತಡವಾದ ಆ ಚಳಿಗಾಲಗಳಲ್ಲಿ ತಮ್ಮ ಮನೆಯ ಕಲ್ಲಿದ್ದಲನ್ನು ಚೀಲದಲ್ಲಿ ಹೊತ್ತು ತಂದು ತರಗತಿಯ ಒಲೆಗೆ ಹಾಕಿದರು. ಕುರಿ ಮರಿ ಹಾಕುವ ಕಾಲದಲ್ಲಿ ಶಾಲೆಗೆ ಬಾರದ ಮಕ್ಕಳನ್ನು ಬೈಯದೆ, ದೊಡ್ಡಿಗೇ ಹೋಗಿ ಮರಿಯೊಂದನ್ನು ಕಂಕುಳಲ್ಲಿಟ್ಟುಕೊಂಡೇ ಪಾಠ ಮಾಡಿದರು.

ಅವರ ಪಾಠಕ್ಕೊಂದು ಹಟವಿತ್ತು. ಇಂಗ್ಲಿಷಿನಲ್ಲಿ ಎರಡು ಸಣ್ಣ ಪದಗಳು ಜೊತೆಗೂಡಿ, ತಮ್ಮ ಹಳೆಯ ಅರ್ಥಗಳನ್ನು ಬಿಟ್ಟು, ಮೂರನೆಯದೊಂದನ್ನು ಹೇಳುವ ಕ್ರಿಯಾಪದಗಳಿವೆಯಲ್ಲ, ಅವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದನ್ನು ಅವರು ಕಡೆಯವರೆಗೂ ಒಪ್ಪಲಿಲ್ಲ. ಪಠ್ಯಪುಸ್ತಕದ ಯಾರೋ ಮಹನೀಯರು ಟೋಪಿ ‘ಟೇಕ್ ಆಫ್’ ಮಾಡುವ ವಾಕ್ಯವನ್ನು ಒಬ್ಬ ಹುಡುಗಿ ಓದಿದಾಗ, “ಅವರ ಟೋಪಿ ಅವರ ತಲೆ ಮೇಲೇ ಇರ್ಲಿ ಬಿಡಮ್ಮ. ನಿಮ್ಮನೇಲಿ ಬೆಳಿಗ್ಗೆ ಯಾರು ಏನು ತೆಗೆದ್ರು, ಅದನ್ನ ಹೇಳು” ಎಂದರು. ಮನೆಯೊಳಗೆ ನಡೆಯದ ವಾಕ್ಯಕ್ಕೆ ಅವರಲ್ಲಿ ಅಂಕವಿರಲಿಲ್ಲ. ತಪಾಸಣೆಗೆ ಬಂದವರು ಪುಸ್ತಕದಂತೆ ಕಲಿಸಿ ಎಂದು ಬರೆದು ಹೋದರು. ಅಗಾಯ್ ಅದಕ್ಕೆ ಸಹಿ ಹಾಕಿದರು, ಮರುದಿನ ಮೊದಲಿನಂತೆಯೇ ಕಲಿಸಿದರು.

ಬೇಸಿಗೆಯ ಹುಲ್ಲುಗಾವಲಿಗೆ ಹೊರದೇಶದವರು ಬರತೊಡಗಿದ ಮೇಲೆ, ಮನೆಯಲ್ಲಿ ಅತಿಥಿಗಳನ್ನು ಇಳಿಸಿಕೊಳ್ಳುವ ಹೆಂಗಸರು ಅವರ ಬಳಿ ಬಂದರು. ಶಾಲೆ ಬಿಟ್ಟ ಮೇಲೆ, ಹಾಲು ಕರೆಯುವ ಹೊತ್ತಿಗೆ ಮುಂಚೆ, ಅವರಿಗಾಗಿ ಬೇರೆಯೇ ತರಗತಿ ಶುರುವಾಯಿತು. ಅಲ್ಲಿಯೇ ಅಗಾಯ್ ಅವರ ಹಟಕ್ಕೆ ಅಡ್ಡಿ ಎದುರಾಯಿತು. ಮನೆಯೊಳಗಿನ ವಾಕ್ಯಕ್ಕೆ ಮನೆಯವರ ಹೆಸರು ಬೇಕು. ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರೆತ್ತುವಂತಿಲ್ಲ. ಹೆಂಗಸರು ಆ ಪದ್ಧತಿಯನ್ನು ಹಾಗೆಯೇ ಇಂಗ್ಲಿಷಿಗೂ ಹೊತ್ತು ತಂದು, ಹೆಸರಿನ ಬದಲು ಗುರುತು ಹೇಳಿದರು. ಕಂದು ಕುದುರೆಯವರು ನಸುಕಿಗೇ ‘ಗೆಟ್ ಅಪ್’ ಮಾಡಿದರು, ದೊಡ್ಡ ಒಲೆಯ ಮನೆಯವರು ಬೂಟು ‘ಪುಟ್ ಆನ್’ ಮಾಡಿದರು. ಇಂಥ ವಾಕ್ಯಗಳನ್ನು ಅಗಾಯ್ ಒಂದನ್ನೂ ತಿದ್ದಲಿಲ್ಲ. ಕ್ರಿಯಾಪದ ಸರಿಯಿದೆಯೇ ಎಂದಷ್ಟೇ ನೋಡಿದರು.

ಬುರುಲ್ಸುನಳ ಮಾವ ಒಂದು ಸಂಜೆ ತರಗತಿಯ ಬಾಗಿಲಿಗೇ ಬಂದು ನಿಂತರು.

“ಏನಮ್ಮ ಸೊಸೆ, ಇಂಗ್ಲಿಷ್ ಕಲ್ತು ಕುರಿ ಹತ್ರ ಮಾತಾಡ್ತೀಯಾ?”

ಅವಳು ತಲೆ ಎತ್ತದೆ, ದನಿಯನ್ನೂ ಎತ್ತದೆ ಹೇಳಿದಳು: “ಕುರಿಗೆ ಕಿರ್ಗಿಜ್ ಬರುತ್ತೆ ಮಾವ. ಮನೆಗೆ ಬಂದೋರಿಗೆ ಬರಲ್ಲ.”

ಹೆಂಗಸರು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಲ್ಲಿ ನಗು ಮುಚ್ಚಿಕೊಂಡರು. ಮಾವನಿಗೆ ನಗು ಬರಲಿಲ್ಲ. “ಅತಿಥಿಗಳನ್ನ ಇಳಿಸ್ಕೊಳ್ಳೋ ಪರವಾನಗಿ ಪರೀಕ್ಷೆ ಒಂದೇ ಒಂದು ಸಲ ಬರಿ. ಪಾಸಾಗ್ಲಿಲ್ಲ ಅಂದ್ರೆ ಆ ಅತಿಥಿ ಕೋಣೇಲಿ ಒಣಹುಲ್ಲು ತುಂಬಿಸ್ತೀನಿ. ಅಗಾಯ್, ನೀವೂ ಕೇಳಿಸ್ಕೊಳ್ಳಿ.” ಆ ಕೋಣೆಯನ್ನು ಅವಳೇ ಸುಣ್ಣ ಬಳಿದು, ತನ್ನ ಕೈಯಾರೆ ಮಾಡಿದ ಕಂಬಳಿ ಹಾಸಿ ಅಣಿಗೊಳಿಸಿದ್ದಳು. ಅವಳ ಪಾಲಿಗೆ ಆ ಮನೆಯಲ್ಲಿ ತನ್ನದು ಎನ್ನಲು ಇದ್ದದ್ದು ಅದೊಂದೇ.

ಆ ಪರೀಕ್ಷೆಯೇ ಇದು. ಪರೀಕ್ಷಕರು ಅಜಾಮತ್ ಎಂಬ ತರುಣರು, ನರೀನ್ ಕಡೆಯ ಹಳ್ಳಿಯವರು, ರಾಜಧಾನಿಯಲ್ಲಿ ಓದಿದವರು. “ಹೆಸರು ಹೇಳದಿದ್ರೆ ಸೊನ್ನೆ. ನಿಯಮ ಹಾಗಿದೆ” ಎಂದು ಪೆನ್ನು ತೆರೆದರು.

ಅಗಾಯ್ ಎದ್ದರು.

“ನಿಮ್ಮ ತಾಯಿಗೊಂದು ಫೋನ್ ಮಾಡಿ.”

“ಯಾಕೆ ಅಗಾಯ್?”

“ಅಪ್ಪನ ಅಪ್ಪನ ಹೆಸರೇನು, ಕೇಳಿ. ನಾವೂ ಕೇಳೋ ಹಾಗೆ ಮಾಡಿ.”

ಅಜಾಮತ್ ನಕ್ಕು ಫೋನ್ ಮಾಡಿ ಮೇಜಿನ ಮೇಲಿಟ್ಟರು. ತಾಯಿಯ ದನಿ ಕೋಣೆಗೆಲ್ಲ ಕೇಳಿಸಿತು.

“ತಾತನ ಹೆಸರಾ? ಹಗಲೊತ್ತಲ್ಲೇ ಕುಡಿದಿದ್ದೀಯೇನೋ?”

“ಇಲ್ಲಮ್ಮ, ಪರೀಕ್ಷೆಗೆ ಬೇಕು. ಹೇಳು.”

“ನಿಮ್ಮಪ್ಪ ಕೊಟ್ಟಿಗೇಲಿದ್ದಾರೆ, ಕರೀತೀನಿ ತಾಳು.”

“ಅಪ್ಪ ಬೇಡ, ನೀನೇ ಹೇಳಮ್ಮ.”

“ಅವರು ಬದುಕಿದ್ದಾಗ ಹೇಳದೋಳು ಈಗ ಹೇಳ್ತೀನೇನೋ? ಹೊಟ್ಟೆಗೇನಾದ್ರೂ ತಿಂದ್ಯಾ?”

ಫೋನ್ ಇಟ್ಟ ಅಜಾಮತರ ಕಿವಿ ಕೆಂಪಾಗಿತ್ತು. ಅಗಾಯ್ ಕೇಳಿದರು: “ನಿಮ್ಮ ತಾಯಿಗೆಷ್ಟು ಅಂಕ ಹಾಕ್ತೀರಿ?”

“ನಿಯಮ ನಾನು ಮಾಡಿದ್ದಲ್ಲ ಅಗಾಯ್.”

“ಸೊನ್ನೆ ಹಾಕೋ ಕೈ ಮಾತ್ರ ನಿಮ್ದು. ಈ ಹುಡುಗಿಗೆ ಹಾಕಿದ್ರೆ ಇಲ್ಲಿರೋ ಎಲ್ಲರಿಗೂ ಹಾಕಿ. ನಾನು ಇವರ ಮೇಷ್ಟ್ರು, ನನಗೂ ಹಾಕಿ, ಬರ್ಕೊಂಡು ಹೋಗಿ.”

ಹಿಂದೆ ಕೂತಿದ್ದ ಹೆಂಗಸರೆಲ್ಲ ಎದ್ದು ನಿಂತರು. ಅಜಾಮತ್ ಪೆನ್ನು ಮುಚ್ಚಿ, “ಹೆಸರು ಬಿಡಿ. ಇವರ ವಿಷಯ ಏನಾದ್ರೂ ಹೇಳಮ್ಮ” ಎಂದರು.

ಬುರುಲ್ಸುನ್ ಫೋಟೊ ನೋಡುತ್ತ, ನಿಧಾನವಾಗಿ, ಇಂಗ್ಲಿಷಿನಲ್ಲಿ ಹೇಳಿದಳು: “ಐ ಲುಕ್ ಆಫ್ಟರ್ ಹಿಮ್. ಹಿ ವಾಂಟ್ಸ್ ಮಿ ಟು ಗಿವ್ ಅಪ್. ಐ ವೋಂಟ್ ಗಿವ್ ಅಪ್.” ಇವರನ್ನು ನೋಡಿಕೊಳ್ಳುವವಳು ನಾನು, ನಾನು ಕೈಬಿಡಲಿ ಎಂಬುದು ಇವರ ಆಸೆ, ನಾನು ಬಿಡುವುದಿಲ್ಲ. ಅವಳು ಆ ಮೂರು ವಾಕ್ಯಗಳನ್ನು ಯಾರಿಂದಲೂ ಕಲಿತು ಬಂದಿರಲಿಲ್ಲ. ಅಗಾಯ್ ಅವರಿಗೆ ಅದೇ ಮೊದಲ ಸಲ ತಿಳಿಯಿತು, ಹೆಸರು ಹೇಳದವಳು ಹೆದರಿದವಳೇ ಆಗಬೇಕಿಲ್ಲ ಎಂದು. ಪರವಾನಗಿ ಸಿಕ್ಕಿತು. ಕೋಣೆಗೆ ಹುಲ್ಲು ಬರಲಿಲ್ಲ. ಆ ಬೇಸಿಗೆಗೆ ಅತಿಥಿಗಳು ಬಂದರು. ಮಾವ ಮಾತ್ರ ಅವಳನ್ನು ಹೊಗಳಲಿಲ್ಲ, ಅವಳು ಅದಕ್ಕೆ ಕಾಯಲೂ ಇಲ್ಲ.

ಪರೀಕ್ಷೆ ಮುಗಿಸಿ ಮರಳುವಾಗ, ಮಂಜು ಗಟ್ಟಿಯಾದ ರಸ್ತೆಯಲ್ಲಿ, ಅವಳು ಕೇಳಿದ್ದಳು: “ಹೆಸರು ಹೇಳಿಬಿಡಬೇಕಿತ್ತಾ ಅಗಾಯ್? ನೀವಾದ್ರೆ ಏನಂತೀರಿ?”

“ಜಾರುತ್ತೆ, ನೋಡ್ಕೊಂಡು ನಡಿ. ನಾಳೆ ಪಾಠಕ್ಕೆ ಬಾ” ಎಂದರು ಅಗಾಯ್.

ಈ ವರ್ಷ ಅವರಿಗೆ ನಿವೃತ್ತಿ. ಹೆಂಗಸರ ತರಗತಿಯೂ ಅವರ ಸೇವೆಯೊಂದಿಗೇ ಮುಗಿಯಿತೆಂದು ಕಚೇರಿಯಿಂದ ಹೇಳಿಕಳಿಸಿದಾಗ, “ಶಾಲೆಗೆ ಬೀಗ ಹಾಕ್ಕೊಳ್ಳಿ. ನಮ್ಮನೆ ಒಲೆಗೆ ಯಾರ ಅಪ್ಪಣೇನೂ ಬೇಕಿಲ್ಲ” ಎಂದು ಅವರು ಉತ್ತರಿಸಿದ್ದಾರೆ. ಆ ಒಲೆ ಆರದಿರಲಿ. ಅದರ ಸುತ್ತ ಕೂರುವವರು ಹೆಚ್ಚಲಿ. ಅಗಾಯ್ ಇನ್ನೂ ಅನೇಕ ಚಳಿಗಾಲಗಳನ್ನು ಕಂಡು, ಇದೇ ಹಟದಲ್ಲಿ, ಮನೆಯೊಳಗಿನ ವಾಕ್ಯಗಳನ್ನೇ ಕೇಳುತ್ತ, ಕಲಿಸುತ್ತ ಇರಲಿ ಎಂದು ಅವರ ಸಹೋದ್ಯೋಗಿಗಳಾದ ನಾವು ಹಾರೈಸುತ್ತೇವೆ.

ಮಾವನ ಹೆಸರು ಹೇಳಬೇಕಿತ್ತು ಎಂದಾಗಲಿ, ಹೇಳಬಾರದಿತ್ತು ಎಂದಾಗಲಿ, ಬುರುಲ್ಸುನಳಿಗೆ ಅವರು ಇಂದಿಗೂ ಹೇಳಿಲ್ಲ.