ಎಡಗಡೆಯ ಚುಕ್ಕೆ

ರಂಗೋಲಿ ಪುಡಿಗೆ ಗ್ರೀಸಿನ ವಾಸನೆ ಇರಬಾರದೆಂದು ಯಾವ ಶಾಸ್ತ್ರವೂ ಹೇಳಿದಂತಿಲ್ಲ. ನಮ್ಮಜ್ಜಿಯ ಪುಡಿಗೆ ಇತ್ತು. ಈಗಲೂ ಆ ತಗಡಿನ ಡಬ್ಬದ ಮುಚ್ಚಳ ತೆಗೆದರೆ ಉರಿಗಾಂ ಚಿನ್ನದ ಗಣಿಯ ಕೆಲಸಗಾರರ ಲೈನ್ ಮನೆ, ಅದರ ಒಂದೇ ಕೋಣೆ, ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ ಅಜ್ಜಿ, ಎಲ್ಲವೂ ಆ ವಾಸನೆಯ ಹಿಂದೆಯೇ ಬರುತ್ತವೆ. ಬಂದು, ಕೂರದೆ ಹೋಗುತ್ತವೆ.

ಜಪಾನಿನ ಗ್ರೀಸ್ ಡಬ್ಬವದು. ಖಾಲಿಯಾದ ಮೇಲೆ ತಾತ ಗಣಿಯಿಂದ ಕೇಳಿ ತಂದಿದ್ದ. ಮುಚ್ಚಳದ ಮೇಲೆ ಒಂದು ಅಕ್ಷರ ಉಬ್ಬಿಕೊಂಡಿತ್ತು: ಮಾಡಿನಂತೆ ಎರಡು ಓರೆಗೆರೆ, ಕೆಳಗೆ ಮೂರು ಅಡ್ಡಗೆರೆ, ನಡುವೆ ಇಳಿಯುವ ಒಂದು ನೇರಗೆರೆ, ತಳದ ಹತ್ತಿರ ಅದರ ಅಕ್ಕಪಕ್ಕ ಎರಡು ಚುಕ್ಕೆ. ಚಿನ್ನ ಅಂತ ಅರ್ಥವಂತೆ. ಅಜ್ಜಿ ದಿಟ್ಟಿಸಿ ನೋಡಿ, ಇದು ನಮ್ಮ ಗಣಿಯೇ ಎಂದು ತೀರ್ಪು ಕೊಟ್ಟಳು. ನೇರಗೆರೆ ಗಣಿಯ ಬಾವಿ, ಚುಕ್ಕೆಗಳು ತಳದಲ್ಲಿ ದುಡಿಯುವ ಇಬ್ಬರು. ಬಲಗಡೆಯವನು ತಾತ. ಎಡಗಡೆಯವನು ತಾತನ ಜೊತೆ ಕೆಲಸ ಮಾಡುತ್ತ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ ಆರುಮುಗಂ. ಚೀನಾ, ಜಪಾನಿನ ಪಂಡಿತರನ್ನು ಕೇಳುವ ಗೋಜಿಗೆ ಹೋಗದೆ ಅದನ್ನೇ ಬಾಗಿಲ ರಂಗೋಲಿಯಾಗಿ ಅಂಗೀಕರಿಸಿದಳು. ಬೆಳಗ್ಗೆ ಅವರು ಶಿಫ್ಟಿಗೆ ಹೊರಡುವ ಮುಂಚೆ ಗೆರೆಗಳು ಮಾತ್ರ. ಮಧ್ಯಾಹ್ನ ಇಬ್ಬರೂ ಹೊಸ್ತಿಲು ಮುಟ್ಟಿದ ಮೇಲೆ ಚುಕ್ಕೆ. ಅಲ್ಲಿಯ ತನಕ ಆಕೆಗೆ ಊಟವಿಲ್ಲ.

“ಅಕ್ಕಾ, ಅಣ್ಣನ್ ಚುಕ್ಕೆ ದಪ್ಪ, ನಂದು ಸಣ್ಣ. ಇದೇನ್ ನ್ಯಾಯ?” ಎಂದು ಆರುಮುಗಂ ದಿನಾ ತಕರಾರು ತೆಗೆಯುತ್ತಿದ್ದ.

“ಮೊದ್ಲು ಎಲ್ಡ್ ಮುದ್ದೆ ತಿನ್ನೋದ್ ಕಲಿ. ಆಮೇಲೆ ದಪ್ಪ ಇಡ್ತೀನಿ ಕಣ್ಲಾ.”

ಒಂದು ಮಧ್ಯಾಹ್ನ ತಾತ ಒಬ್ಬನೇ ಬಂದ. ಕೆಳಗೆ ಬಂಡೆ ಸಿಡಿದಿತ್ತು. ಆರುಮುಗಂನನ್ನು ಮೇಲೆ ತರುವುದಕ್ಕೂ ಆಗಲಿಲ್ಲ. ಅಜ್ಜಿ ಬಲಗಡೆಯ ಚುಕ್ಕೆ ಇಟ್ಟಳು. ಇನ್ನೊಂದು ಚಿಟಿಕೆ ಪುಡಿಯನ್ನು ಬಹಳ ಹೊತ್ತು ಬೆರಳಲ್ಲೇ ಹಿಡಿದಿದ್ದು ಮತ್ತೆ ಡಬ್ಬಕ್ಕೆ ಹಾಕಿದಳು. ತಿಂಗಳುಗಳು ಕಳೆದವು. ತಾತನೇ ಒಮ್ಮೆ, “ಇಟ್ಬುಡೇ ಆ ಚುಕ್ಕೇನ. ನೋಡಕ್ಕಾಗಲ್ಲ,” ಎಂದ.

“ಬರ್ಲಿ. ಬಂದ್ ಮ್ಯಾಲೆ ಇಡ್ತೀನಿ.”

ಆ ಖಾಲಿ ಜಾಗವನ್ನು ತುಳಿಯದೆ ಕಾಲೆತ್ತಿ ದಾಟುವುದು ನಮ್ಮ ಮನೆಯ ಕಾಯಿದೆಯಾಯಿತು. ಮುಂದೆ ತಾತ ಹೋದ, ಗಣಿ ಮುಚ್ಚಿತು. ಅಜ್ಜಿ ಚುಕ್ಕೆಯೇ ಇಲ್ಲದ ಗೆರೆಗಳನ್ನು ಎಳೆದು ಎಳೆದು ತಾನೂ ಹೋದಳು. ಡಬ್ಬವೂ ಆ ಗೆರೆಗಳೂ ನನ್ನ ಜೊತೆ ಬಂಗಾರಪೇಟೆಗೆ ಬಂದವು.

ಈಗ ನನ್ನ ಅಣ್ಣನ ಮಗಳು ಫ್ಯಾಕ್ಟರಿ ಕೆಲಸಕ್ಕೆಂದು ಜಪಾನಿ ಭಾಷೆ ಕಲಿಯುತ್ತಿದ್ದಾಳೆ. ಡಬ್ಬದ ಮೇಲಿನ ಈ ಗುರುತು ಬೇರೆ ಅಕ್ಷರಗಳ ಎಡಗಡೆಯೂ ಕೂರುತ್ತದಂತೆ. ಕಬ್ಬಿಣ, ಬೆಳ್ಳಿ, ಸೂಜಿ, ಲೋಹದ್ದೆಂದರೆ ಅಲ್ಲಿ ಇದು ಹಾಜರು. ಮೈ ಒತ್ತರಿಸಿಕೊಂಡು, ಪಕ್ಕದವರಿಗೆ ಜಾಗ ಬಿಟ್ಟು. ಲೈನ್ ಮನೆಯಲ್ಲಿ ನಾವೆಲ್ಲ ಮಲಗುತ್ತಿದ್ದುದೂ ಹಾಗೆಯೇ. ಈಗ ನನಗೊಬ್ಬಳಿಗೇ ಮೂರು ಕೋಣೆ. ಒತ್ತರಿಸಲು ಯಾರೂ ಇಲ್ಲದ ಐಶ್ವರ್ಯ.

ಇವತ್ತು ಬೆಳಗ್ಗೆ ರೈಲಿಗೆ ಹೋಗುವ ದಾರಿಯಲ್ಲಿ ಅವಳು ಬಂದು ಬಾಗಿಲಲ್ಲಿ ನಿಂತು ನನ್ನ ರಂಗೋಲಿ ಪರೀಕ್ಷಿಸಿದಳು. “ಅತ್ತೆ, ತಪ್ಪು ಬರ್ದಿದೀಯ. ಕೆಳಗಿನ್ ಎಲ್ಡ್ ಚುಕ್ಕೆ ಬಿಟ್ಬುಟ್ಟಿದೀಯ.”

“ಗೊತ್ತು ಕಣೇ. ನೀನ್ ಓಗು, ರೈಲು ಓಗ್ಬುಡ್ತದೆ.”

ಅವಸರದಲ್ಲಿ ಹುಡುಗಿ ಎಡಗಡೆಯ ಆ ಜಾಗದ ಮೇಲೆಯೇ ಕಾಲಿಟ್ಟು ಹೋದಳು. ತುಳಿಯಬೇಡ ಎಂದು ಬಾಯಿ ತೆರೆದೆ. ತೋರಿಸಲು ಅಲ್ಲಿ ಏನೂ ಇರಲಿಲ್ಲ.